ಆಕ್ಸಿಜನ್ ಸೇರಿದ ಮೇಲೆ ಹಿಮೋಗ್ಲೋಬಿನ್‌ನ ಅರ್ಧ ಸಂಪರ್ಕಗಳೇ ಕಾಣ್ತಿಲ್ಲ, ನನ್ನ ಲೆಕ್ಕ ಎಲ್ಲಿ ತಪ್ಪಿದೆ?

ಹೀಮ್_ಕಲಿಕೆ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದೊಂದರಲ್ಲೇ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ಯಾರಾದರೂ ನೋಡಿ ಹೇಳಿ.

ಪ್ರೋಟೀನ್ ರಚನೆಯಲ್ಲಿ ಯಾವ ರೆಸಿಡ್ಯೂ (ಸರಪಳಿಯ ಒಂದೊಂದು ಅಮೈನೋ ಆಮ್ಲ) ಯಾವುದರ ಜೊತೆ ಸಂಪರ್ಕದಲ್ಲಿದೆ ಅಂತ ಪಟ್ಟಿ ಮಾಡೋದನ್ನು ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆ ಮನುಷ್ಯರ ಹಿಮೋಗ್ಲೋಬಿನ್ ತೆಗೆದುಕೊಂಡೆ. ಆಕ್ಸಿಜನ್ ಇಲ್ಲದ ರಚನೆ 4ಎಚ್‌ಎಚ್‌ಬಿ, ಆಕ್ಸಿಜನ್ ಇರುವ ರಚನೆ 1ಎಚ್‌ಎಚ್‌ಒ. ಎರಡನ್ನೂ ಪಿಡಿಬಿ ಅನ್ನುವ ಪ್ರೋಟೀನ್ ರಚನೆಗಳ ಸಾರ್ವಜನಿಕ ಸಂಗ್ರಹದಿಂದ ಡೌನ್‌ಲೋಡ್ ಮಾಡಿ, ಬಯೋಪೈಥಾನ್‌ನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಸಿ-ಬೀಟಾದಿಂದ (ಪಾರ್ಶ್ವ ಸರಪಳಿಯ ಮೊದಲ ಕಾರ್ಬನ್) ಸಿ-ಬೀಟಾಕ್ಕೆ 8 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ) ಒಳಗಿದ್ದರೆ ಸಂಪರ್ಕ ಇದೆ, ಇಲ್ಲದಿದ್ದರೆ ಇಲ್ಲ. ಅಷ್ಟೇ.

ಆಕ್ಸಿಜನ್ ಇಲ್ಲದ ರಚನೆಯಲ್ಲಿ ಬಂದ ಸಂಪರ್ಕಗಳಿಗೆ ಹೋಲಿಸಿದರೆ ಇರುವ ರಚನೆಯಲ್ಲಿ ಬಂದಿದ್ದು ಹೆಚ್ಚುಕಡಿಮೆ ಅರ್ಧ. ಚೈನ್‌ಗಳ (ಅಣುವನ್ನು ಕಟ್ಟುವ ಅಮೈನೋ ಆಮ್ಲದ ಸರಪಳಿಗಳ) ನಡುವಿನ ಸಂಪರ್ಕಗಳಲ್ಲಂತೂ ಒಂದು ಗುಂಪು ಪೂರ್ತಿ ಮಾಯ. ಆಕ್ಸಿಜನ್ ಬಂದಾಗ ಚೈನ್‌ಗಳು ಬಿಟ್ಟುಕೊಳ್ಳುತ್ತವೆ ಅಂತ ಮೊದಲು ಖುಷಿಪಟ್ಟೆ, ಆಮೇಲೆ ಅನುಮಾನ ಬಂತು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಬೇರೆ ಉಪಕರಣದಲ್ಲಿ, ಯಾವುದೇ ಎರಡು ಪರಮಾಣು 4.5 ಆಂಗ್‌ಸ್ಟ್ರಾಂ ಒಳಗಿದ್ದರೆ ಸಂಪರ್ಕ ಅನ್ನುವ ಲೆಕ್ಕದಲ್ಲಿ ಮಾಡಿದರು. ಅವರ ಪಟ್ಟಿಗೂ ನನ್ನ ಪಟ್ಟಿಗೂ ಹೊಂದಾಣಿಕೆಯೇ ಇಲ್ಲ.

ನನ್ನ ಪ್ರಶ್ನೆ ಎರಡು. 8 ಸರಿಯೋ 4.5 ಸರಿಯೋ? ಆ ಅರ್ಧ ಸಂಪರ್ಕ ಎಲ್ಲಿ ಹೋಯಿತು?

ಸಿಬೀಟಾ

ಎರಡನೇ ಪ್ರಶ್ನೆಗೆ ಇನ್ನೊಬ್ಬರು ಖಂಡಿತ ಉತ್ತರ ಕೊಡುತ್ತಾರೆ, ನಾನು ಮೊದಲನೆಯದನ್ನು ಹಿಡಿಯುತ್ತೇನೆ. ಪಿಡಿಬಿ ಫೈಲಿನಲ್ಲಿ ಇರುವುದು ಪರಮಾಣುಗಳ ಎಕ್ಸ್, ವೈ, ಝಡ್ ಅಷ್ಟೇ. ಸಂಪರ್ಕ ಅನ್ನೋದು ಅದರಲ್ಲಿ ಬರೆದಿಲ್ಲ, ಅದನ್ನು ನಾವು ಬರೆಯುವುದು. ಹಾಗಾಗಿ 8 ಸರಿಯೋ 4.5 ಸರಿಯೋ ಅಂತ ಕೇಳುವ ಮೊದಲು ಯಾವ ಪ್ರಶ್ನೆಗೆ ಸರಿ ಅಂತ ಕೇಳಬೇಕು.

8 ಆಂಗ್‌ಸ್ಟ್ರಾಂ ಸಿ-ಬೀಟಾ ಗಡಿ ಜನಪ್ರಿಯ ಆಗಿದ್ದು ರಚನೆ ಊಹಿಸುವವರಿಂದ. ಕ್ಯಾಸ್ಪ್ ಸ್ಪರ್ಧೆಯಲ್ಲಿ ಸಂಪರ್ಕ ಊಹೆಯನ್ನು ಅಳೆದಿದ್ದು ಇದೇ ಗಡಿಯಲ್ಲಿ. ಸರಣಿಯಲ್ಲಿ 24 ಅಥವಾ ಜಾಸ್ತಿ ಸ್ಥಾನ ದೂರ ಇದ್ದರೆ ಉದ್ದ ವ್ಯಾಪ್ತಿ, 12ರಿಂದ 23 ಮಧ್ಯಮ, 6ರಿಂದ 11 ಚಿಕ್ಕದು. ಅವರಿಗೆ ಬೇಕಿದ್ದದ್ದು ಮಡಿಕೆಯ, ಅಂದರೆ ಸರಪಳಿ ಮಡಚಿಕೊಂಡ ರೀತಿಯ, ಒಟ್ಟು ಆಕಾರ. ಎರಡು ರೆಸಿಡ್ಯೂ ಒಂದೇ ನೆರೆಯಲ್ಲಿವೆಯಾ ಅನ್ನೋದು ಗೊತ್ತಾದರೆ ಸಾಕು, ಅವು ನಿಜವಾಗಿ ಮುಟ್ಟುತ್ತಿವೆಯಾ ಅನ್ನೋದು ಅವರ ಪ್ರಶ್ನೆಯೇ ಅಲ್ಲ.

ನಿಮ್ಮ ಪ್ರಶ್ನೆ ಬೇರೆ. ಆಕ್ಸಿಜನ್ ಬಂದಾಗ ಯಾವ ಬಂಧ ಮುರಿಯುತ್ತದೆ, ಯಾವುದು ಹೊಸದಾಗಿ ಆಗುತ್ತದೆ ಅನ್ನೋದು ನಿಮಗೆ ಬೇಕು, ಅಲ್ವಾ? ಅದಕ್ಕೆ ಸಿ-ಬೀಟಾ ಸಾಲದು. ಒಂದು ಲೈಸಿನ್ ಮತ್ತು ಒಂದು ಆಸ್ಪಾರ್ಟೇಟ್ ಸಾಲ್ಟ್ ಬ್ರಿಡ್ಜ್ (ವಿರುದ್ಧ ಚಾರ್ಜುಗಳ ಸೆಳೆತದ ಕಟ್ಟು) ಮಾಡಿಕೊಂಡಿವೆ ಅಂದುಕೊಳ್ಳಿ. ಲೈಸಿನ್ ಪೂರ್ತಿ ಚಾಚಿಕೊಂಡಾಗ ಅದರ ಸಿ-ಬೀಟಾದಿಂದ ತುದಿಯ ನೈಟ್ರೋಜನ್‌ಗೆ ಸುಮಾರು 5 ಆಂಗ್‌ಸ್ಟ್ರಾಂ. ಆಸ್ಪಾರ್ಟೇಟ್‌ನಲ್ಲಿ ಸಿ-ಬೀಟಾದಿಂದ ಆಕ್ಸಿಜನ್‌ಗೆ ಎರಡೂಕಾಲು, ಎರಡೂವರೆ. ನಡುವೆ ಸುಮಾರು 3. ಕೂಡಿಸಿದರೆ 10 ದಾಟುತ್ತದೆ. ಅಷ್ಟು ಗಟ್ಟಿ ಸಂಪರ್ಕವನ್ನು ನಿಮ್ಮ 8ರ ಗಡಿ ಇಲ್ಲ ಅಂತ ಹೇಳಿಬಿಡುತ್ತದೆ. ಉಲ್ಟಾ ಕೂಡ ಆಗುತ್ತದೆ. ಎರಡು ಅಲನಿನ್‌ಗಳ ಸಿ-ಬೀಟಾ 7.5ರಲ್ಲಿದ್ದರೆ ನಿಮ್ಮ ಪಟ್ಟಿಗೆ ಸೇರುತ್ತವೆ, ಆದರೆ ಎರಡು ಮೀಥೈಲ್ ಗುಂಪು ಮುಟ್ಟಬೇಕಾದರೆ ಸುಮಾರು 4ಕ್ಕೆ ಬರಬೇಕು. ನಡುವೆ ಅಷ್ಟು ಜಾಗ ಖಾಲಿ ಬಿದ್ದಿದೆ.

ಇನ್ನೊಂದು. ಗ್ಲೈಸಿನ್‌ಗೆ ಸಿ-ಬೀಟಾ ಇಲ್ಲ. ನಿಮ್ಮ ಸ್ಕ್ರಿಪ್ಟ್ ಅದನ್ನು ಏನು ಮಾಡುತ್ತಿದೆ?

ಹೀಮ್_ಕಲಿಕೆ

ಈಗ ನೋಡಿದೆ. ಸಿ-ಬೀಟಾ ಸಿಗದಿದ್ದರೆ ಮುಂದಕ್ಕೆ ಹೋಗು ಅಂತ ಬರೆದಿದ್ದೇನೆ. ಅಂದರೆ ಎಲ್ಲ ಗ್ಲೈಸಿನ್‌ಗಳೂ ಪಟ್ಟಿಯಿಂದಲೇ ಹೊರಗೆ. ಇದು ಗೊತ್ತೇ ಆಗಿರಲಿಲ್ಲ, ಎರರ್ ಕೂಡ ಬರಲಿಲ್ಲ.

ಸಿಬೀಟಾ

ಅದಕ್ಕೇ ಕೇಳಿದೆ. ವಾಡಿಕೆ ಏನಂದರೆ ಗ್ಲೈಸಿನ್‌ಗೆ ಸಿ-ಆಲ್ಫಾ ತೆಗೆದುಕೊಳ್ಳೋದು. ಬೆನ್ನೆಲುಬಿನ ನೈಟ್ರೋಜನ್, ಸಿ-ಆಲ್ಫಾ, ಕಾರ್ಬೊನಿಲ್ ಕಾರ್ಬನ್ ಮೂರರಿಂದ ಒಂದು ಕಾಲ್ಪನಿಕ ಸಿ-ಬೀಟಾ ಲೆಕ್ಕ ಹಾಕುವವರೂ ಇದ್ದಾರೆ, ಅದು ಇನ್ನೂ ಒಳ್ಳೆಯದು.

ಹರಳು_ನೋಟ

ಅರ್ಧ ಎಲ್ಲಿ ಹೋಯಿತು ಅನ್ನೋದಕ್ಕೆ ಬರುತ್ತೇನೆ. ಇದರಲ್ಲಿ ನಿಮ್ಮ ಗಡಿಯ ತಪ್ಪಿಲ್ಲ.

4ಎಚ್‌ಎಚ್‌ಬಿ ಫೈಲಿನಲ್ಲಿ ನಾಲ್ಕು ಚೈನ್ ಇವೆ. ಎರಡು ಆಲ್ಫಾ, ಎರಡು ಬೀಟಾ. ಆಲ್ಫಾದಲ್ಲಿ 141 ರೆಸಿಡ್ಯೂ, ಬೀಟಾದಲ್ಲಿ 146, ಒಟ್ಟು 574. 1ಎಚ್‌ಎಚ್‌ಒ ತೆರೆದು ಚೈನ್ ಎಣಿಸಿ. ಎರಡೇ ಸಿಗುತ್ತವೆ, 287 ರೆಸಿಡ್ಯೂ. ಆಕ್ಸಿಜನ್ ಬಂದಾಗ ಉಳಿದ ಎರಡು ಓಡಿಹೋದವು ಅಂತ ಅಲ್ಲ. ಹರಳಿನಲ್ಲಿ ಆ ಉಳಿದ ಅರ್ಧ ಮೊದಲ ಅರ್ಧದ ಸಮಮಿತಿ ಪ್ರತಿ. ಹಾಗಾಗಿ ಎರಡು ಸಲ ಬರೆಯುವ ಅಗತ್ಯ ಇಲ್ಲ ಅಂತ ಫೈಲಿನಲ್ಲಿ ಒಂದೇ ಅರ್ಧ ಇಟ್ಟಿರುತ್ತಾರೆ. ಇದನ್ನು ಅಸಿಮೆಟ್ರಿಕ್ ಯೂನಿಟ್ ಅನ್ನುತ್ತೇವೆ. ದೇಹದಲ್ಲಿ ಕೆಲಸ ಮಾಡುವ ಪೂರ್ತಿ ಅಣು ಬೇಕಾದರೆ ಬಯೋಲಾಜಿಕಲ್ ಅಸೆಂಬ್ಲಿ ಫೈಲ್ ತೆಗೆದುಕೊಳ್ಳಬೇಕು. ಅದು ಅದೇ ಪುಟದಲ್ಲಿ ಬೇರೆ ಡೌನ್‌ಲೋಡ್ ಆಗಿ ಸಿಗುತ್ತದೆ.

ನೀವು ಮಾಡಿದ್ದು ನಾಲ್ಕು ಚೈನ್‌ನ ಅಣುವನ್ನು ಎರಡು ಚೈನ್‌ನ ಅರ್ಧ ಅಣುವಿಗೆ ಹೋಲಿಸಿದ್ದು. ಮಾಯವಾದ ಆ ಗುಂಪು ಆಲ್ಫಾ1–ಬೀಟಾ2 ಮುಖಾಮುಖಿ, ಅಂದರೆ ಒಂದು ಅರ್ಧದ ಆಲ್ಫಾ ಇನ್ನೊಂದು ಅರ್ಧದ ಬೀಟಾಗೆ ತಾಗುವ ಜಾಗ, ಆಗಿರಬೇಕು. ಹಿಮೋಗ್ಲೋಬಿನ್ ಕಥೆಯೆಲ್ಲ ನಡೆಯೋದೇ ಅಲ್ಲಿ, ಹಾಗಾಗಿ ನಿಮಗೆ ಬೇಕಾದ ಜಾಗವೇ ಫೈಲಿನಲ್ಲಿ ಇರಲಿಲ್ಲ.

ಒಂದು ಎಚ್ಚರಿಕೆ, ಇದರಲ್ಲಿ ನಾನೂ ಒಮ್ಮೆ ಮೂರು ದಿನ ಕಳೆದಿದ್ದೇನೆ. ಹಳೇ ಪಿಡಿಬಿ ರೂಪದ ಅಸೆಂಬ್ಲಿ ಫೈಲಿನಲ್ಲಿ ಸಮಮಿತಿ ಪ್ರತಿಯನ್ನು ಎರಡನೇ ಮಾಡೆಲ್ ಅಂತ ಇಡುತ್ತಾರೆ, ಚೈನ್ ಹೆಸರು ಮತ್ತೆ ಅದೇ ಎ ಮತ್ತು ಬಿ. ಸ್ಕ್ರಿಪ್ಟ್‌ನಲ್ಲಿ ಮೊದಲ ಮಾಡೆಲ್ ಮಾತ್ರ ಓದು ಅಂತ ಬರೆದಿದ್ದರೆ ಸರಿಯಾದ ಫೈಲ್ ಕೊಟ್ಟರೂ ಮತ್ತೆ ಅರ್ಧವೇ ಬರುತ್ತದೆ. ಎಂಎಂಸಿಫ್ ಅನ್ನುವ ಹೊಸ ಫೈಲ್ ರೂಪ ತೆಗೆದುಕೊಂಡರೆ ಪ್ರತಿಗಳಿಗೆ ಬೇರೆ ಚೈನ್ ಹೆಸರು ಇರುತ್ತದೆ, ಈ ತಲೆನೋವು ಇಲ್ಲ.

ಹೀಮ್_ಕಲಿಕೆ

ನನ್ನ ಸ್ಕ್ರಿಪ್ಟ್‌ನಲ್ಲಿ ಮೊದಲ ಮಾಡೆಲ್ ಅಂತಲೇ ಇದೆ. ನೀವು ಹೇಳದಿದ್ದರೆ ಅಲ್ಲೇ ಮತ್ತೆ ಬೀಳುತ್ತಿದ್ದೆ. ಎಂಎಂಸಿಫ್ ಹಾಕಿ ನೋಡಿ ಬರುತ್ತೇನೆ, ತುಂಬಾ ಧನ್ಯವಾದ.

ಸುರುಳಿ_ಎಳೆ

ಅವರು ಬರುವಷ್ಟರಲ್ಲಿ ಒಂದು ವಿಷಯ ಸೇರಿಸುತ್ತೇನೆ. ಹೊಸದಾಗಿ ಕಲಿಯುವವರು ಪಟ್ಟಿಗಿಂತ ಮೊದಲು ಕಾಂಟ್ಯಾಕ್ಟ್ ಮ್ಯಾಪ್ ಚಿತ್ರ ಬರೆಯಬೇಕು ಅಂತ ನನ್ನ ಬಲವಾದ ಅಭಿಪ್ರಾಯ. ಎರಡೂ ಅಕ್ಷದಲ್ಲಿ ರೆಸಿಡ್ಯೂ ಸಂಖ್ಯೆ, ಸಂಪರ್ಕ ಇದ್ದ ಕಡೆ ಒಂದು ಚುಕ್ಕೆ. ಆಲ್ಫಾ ಸುರುಳಿ ಕರ್ಣಕ್ಕೆ ಅಂಟಿಕೊಂಡ ದಪ್ಪ ಪಟ್ಟಿಯಾಗಿ ಕಾಣುತ್ತದೆ, ಯಾಕೆಂದರೆ ಒಂದು ಸುತ್ತಿಗೆ 3.6 ರೆಸಿಡ್ಯೂ, ಹಾಗಾಗಿ ಪ್ರತಿ ರೆಸಿಡ್ಯೂಗೂ ಮೂರು ನಾಲ್ಕು ಸ್ಥಾನ ಮುಂದಿರುವುದು ಪಕ್ಕಕ್ಕೇ ಬರುತ್ತದೆ. ಎದುರುಬದುರು ಓಡುವ ಬೀಟಾ ಎಳೆಗಳು ಕರ್ಣಕ್ಕೆ ಅಡ್ಡವಾದ ಗೆರೆಯಾಗುತ್ತವೆ. ಒಂದೇ ದಿಕ್ಕಿನ ಎಳೆಗಳು ಕರ್ಣಕ್ಕೆ ಸಮಾನಾಂತರ, ಆದರೆ ದೂರದಲ್ಲಿ. ಸ್ವಲ್ಪ ದಿನ ನೋಡಿದರೆ ಚಿತ್ರ ನೋಡಿಯೇ ಮಡಿಕೆ ಹೇಳಬಹುದು.

ಹಿಮೋಗ್ಲೋಬಿನ್ ಹೆಚ್ಚುಕಡಿಮೆ ಪೂರ್ತಿ ಸುರುಳಿಗಳದ್ದೇ. ಅಂಥ ಪ್ರೋಟೀನ್‌ನಲ್ಲಿ ಸರಣಿಯ ಹತ್ತಿರದ ಜೋಡಿಗಳನ್ನು ತೆಗೆಯದೆ ಒಟ್ಟು ಎಣಿಸಿದರೆ ಬಹುಪಾಲು ಎಣಿಕೆ ಸುರುಳಿಯ ಒಳಗಿನದ್ದೇ ಆಗುತ್ತದೆ. ಆ ಸಂಖ್ಯೆ ನೋಡಿ ಈ ರಚನೆ ಬಿಗಿ, ಆ ರಚನೆ ಸಡಿಲ ಅಂತ ಹೇಳೋದು ತಪ್ಪು. ಒಂದೇ ಚೈನ್ ಒಳಗಾದರೆ ನಾಲ್ಕಕ್ಕಿಂತ ಜಾಸ್ತಿ ಸ್ಥಾನ ದೂರ ಇರುವ ಜೋಡಿಗಳನ್ನು ಮಾತ್ರ ಇಟ್ಟುಕೊಳ್ಳಿ. ಬೇರೆ ಚೈನ್‌ಗಳ ನಡುವೆ ಈ ನಿಯಮ ಹಾಕಬೇಡಿ. ಆಲ್ಫಾದ 40ಕ್ಕೂ ಬೀಟಾದ 40ಕ್ಕೂ ಸರಣಿಯಲ್ಲಿ ಸಂಬಂಧವೇ ಇಲ್ಲ, ಸಂಖ್ಯೆ ಒಂದೇ ಅಂತ ಸ್ಕ್ರಿಪ್ಟ್ ಸುಮ್ನೆ ಬಿಟ್ಟುಬಿಡುತ್ತದೆ. ಇದು ತುಂಬಾ ಜನ ಮಾಡುವ ತಪ್ಪು.

ಹೀಮ್_ಕಲಿಕೆ

ಬಂತು! ಎಂಎಂಸಿಫ್ ಅಸೆಂಬ್ಲಿ ಹಾಕಿದ ಮೇಲೆ ನಾಲ್ಕು ಚೈನ್, 574 ರೆಸಿಡ್ಯೂ, ಒಟ್ಟು ಸಂಪರ್ಕಗಳು ಎರಡೂ ರಚನೆಯಲ್ಲಿ ಹತ್ತಿರ ಹತ್ತಿರ. ಗ್ಲೈಸಿನ್ ಸರಿ ಮಾಡಿದೆ. ಸಿಬೀಟಾ ಅವರು ಹೇಳಿದ ಹಾಗೆ ಚೈನ್‌ಗಳ ನಡುವೆ 4.5 ಆಂಗ್‌ಸ್ಟ್ರಾಂ, ಹೈಡ್ರೋಜನ್ ಬಿಟ್ಟು ಉಳಿದ ಎಲ್ಲ ಪರಮಾಣು ಲೆಕ್ಕಕ್ಕೆ ಬದಲಾಯಿಸಿದೆ.

ಈಗ ಹೊಸ ಸಮಸ್ಯೆ. ಎರಡು ಪಟ್ಟಿಯ ವ್ಯತ್ಯಾಸ ತೆಗೆದರೆ ಇಲ್ಲಿ ಮಾತ್ರ ಇದೆ, ಅಲ್ಲಿ ಮಾತ್ರ ಇದೆ ಅಂತ ರಾಶಿ ಜೋಡಿಗಳು ಬರುತ್ತಿವೆ. ಕೆಲವು 4.4 ಮತ್ತು 4.6. ಇವೆಲ್ಲ ನಿಜವಾದ ಬದಲಾವಣೆಯಾ?

ಹರಳು_ನೋಟ

ಅಲ್ಲ. 4ಎಚ್‌ಎಚ್‌ಬಿ 1.74 ಆಂಗ್‌ಸ್ಟ್ರಾಂ ರೆಸಲ್ಯೂಷನ್ (ರಚನೆ ಎಷ್ಟು ಸ್ಪಷ್ಟ ಅನ್ನುವ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಸ್ಪಷ್ಟ), 1ಎಚ್‌ಎಚ್‌ಒ 2.1. ಎರಡೂ ಒಳ್ಳೆಯ ರಚನೆಗಳೇ. ಆದರೂ ಪರಮಾಣುವಿನ ಜಾಗದಲ್ಲಿ ಚೂರುಪಾರು ಅನಿಶ್ಚಿತತೆ ಇದ್ದೇ ಇರುತ್ತದೆ, ಮೇಲ್ಮೈಯ ಉದ್ದ ಪಾರ್ಶ್ವ ಸರಪಳಿಗಳಲ್ಲಿ ಇನ್ನೂ ಜಾಸ್ತಿ. 4.4 ಮತ್ತು 4.6ರ ನಡುವಿನ ವ್ಯತ್ಯಾಸಕ್ಕೆ ಅರ್ಥ ಕೊಡಬೇಡಿ.

ಹೌದು ಅಥವಾ ಇಲ್ಲ ಅಂತ ಬರೆದಿಟ್ಟುಕೊಳ್ಳುವ ಬದಲು ದೂರವನ್ನೇ ಬರೆದಿಟ್ಟುಕೊಳ್ಳಿ. ಎರಡೂ ರಚನೆಯಲ್ಲಿ ಪ್ರತಿ ಜೋಡಿಯ ಅತಿ ಕಡಿಮೆ ದೂರ, ಆಮೇಲೆ ಒಂದರಿಂದ ಇನ್ನೊಂದನ್ನು ಕಳೆಯಿರಿ. 574 ರೆಸಿಡ್ಯೂಗೆ 1,64,451 ಜೋಡಿ, ಕಂಪ್ಯೂಟರ್‌ಗೆ ಇದೇನು ದೊಡ್ಡದಲ್ಲ. ಒಂದೆರಡು ಆಂಗ್‌ಸ್ಟ್ರಾಂಗಿಂತ ಜಾಸ್ತಿ ಬದಲಾದವು ಯಾವುವು ನೋಡಿ. ಇದರಲ್ಲಿ ಇನ್ನೊಂದು ಲಾಭ, ರಚನೆಗಳನ್ನು ಒಂದರ ಮೇಲೊಂದು ಕೂರಿಸುವ ಕೆಲಸವೇ ಇಲ್ಲ. ಯಾವ ಭಾಗವನ್ನು ಹಿಡಿದು ಕೂರಿಸೋದು ಅನ್ನುವ ಜಗಳವೂ ಇಲ್ಲ.

ಸಿಬೀಟಾ

ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಜೊತೆಗೆ, ದೂರ ಸಿಕ್ಕ ಮೇಲೆ ಸಂಪರ್ಕದ ಜಾತಿಯನ್ನೂ ಬೇರೆ ಬೇರೆ ಮಾಡಿ. ಹೈಡ್ರೋಜನ್ ಬಂಧಕ್ಕೆ ಕೊಡುವ ಮತ್ತು ಪಡೆಯುವ ಪರಮಾಣುಗಳ ನಡುವೆ 3.5 ಒಳಗೆ, ಜೊತೆಗೆ ಕೋನ ನೋಡಬೇಕು. ಸಾಲ್ಟ್ ಬ್ರಿಡ್ಜ್‌ಗೆ ವಿರುದ್ಧ ಚಾರ್ಜಿನ ನೈಟ್ರೋಜನ್ ಮತ್ತು ಆಕ್ಸಿಜನ್ 4 ಒಳಗೆ. ಡೈಸಲ್ಫೈಡ್ ಆದರೆ ಗಂಧಕ–ಗಂಧಕ ಸುಮಾರು 2.05, ಅದು ಕೋವೇಲೆಂಟ್ ಬಂಧವೇ, ಹಿಮೋಗ್ಲೋಬಿನ್‌ನ ಈ ಕಥೆಗೆ ಅದು ಬೇಡ. ಉಳಿದವು ಬರೀ ಒತ್ತಿಕೊಂಡು ಕೂತ ಸಂಪರ್ಕಗಳು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಎಣಿಸಿದರೆ ಮುಖ್ಯವಾದದ್ದು ಅಡಿಗೆ ಹೋಗುತ್ತದೆ.

ಹರಳು_ನೋಟ

ಆಸ್ಪರಜಿನ್, ಗ್ಲುಟಮಿನ್, ಹಿಸ್ಟಿಡಿನ್ ಬಗ್ಗೆ ಹುಷಾರು. ಎಲೆಕ್ಟ್ರಾನ್ ಸಾಂದ್ರತೆಯಲ್ಲಿ ಆಸ್ಪರಜಿನ್ ತುದಿಯ ನೈಟ್ರೋಜನ್ ಯಾವುದು ಆಕ್ಸಿಜನ್ ಯಾವುದು ಅಂತ ಬೇರೆ ಮಾಡೋದು ಕಷ್ಟ. ತಿರುಗಿಸಿ ಇಟ್ಟಿದ್ದರೆ ಕೊಡುವ ಕಡೆ ಪಡೆಯುವ ಕಡೆ ಆಗಿಬಿಡುತ್ತದೆ, ನಿಮ್ಮ ಹೈಡ್ರೋಜನ್ ಬಂಧದ ಪಟ್ಟಿಯೇ ತಪ್ಪುತ್ತದೆ. ಮೊಲ್‌ಪ್ರೊಬಿಟಿ ಅನ್ನುವ ತಂತ್ರಾಂಶ ಇದನ್ನು ಪರೀಕ್ಷಿಸಿ, ತಿರುಗಿಸಬೇಕಾ ಅಂತ ಹೇಳುತ್ತದೆ. ಹೈಡ್ರೋಜನ್ ಸೇರಿಸುವ ಮೊದಲು ಒಮ್ಮೆ ಓಡಿಸಿ.

ಚಲನೆ_ಪ್ರಿಯ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನೀವೆಲ್ಲ ಒಂದು ನಿಂತ ಚಿತ್ರದ ಬಗ್ಗೆ ಮಾತಾಡುತ್ತಿದ್ದೀರಿ. ಪ್ರೋಟೀನ್ ನಿಂತಿರೋದಿಲ್ಲ. ನಾನು ಮಾಲಿಕ್ಯುಲರ್ ಡೈನಾಮಿಕ್ಸ್ (ಅಣುಗಳ ಚಲನೆಯನ್ನು ಕಂಪ್ಯೂಟರ್‌ನಲ್ಲಿ ಅನುಕರಿಸೋದು) ಮಾಡುವವನು, ನನ್ನ ಕೈಯಲ್ಲಿ ಸಾವಿರಾರು ಫ್ರೇಮ್ ಇರುತ್ತವೆ. ಅಲ್ಲಿ ಇದೆ ಇಲ್ಲ ಅನ್ನೋದರ ಬದಲು ಎಷ್ಟು ಪಾಲು ಸಮಯ ಇದೆ ಅಂತ ಕೇಳುತ್ತೇವೆ. ಒಂದು ಜೋಡಿ 4.5ರ ಗಡಿಯ ಆಚೆ ಈಚೆ ನಡುಗುತ್ತಾ ಇದ್ದರೆ ಪ್ರತಿ ಫ್ರೇಮ್‌ನಲ್ಲೂ ಮುರಿಯಿತು, ಕೂಡಿತು ಅಂತ ಬರುತ್ತದೆ. ಅದಕ್ಕೆ ಎರಡು ಗಡಿ ಇಟ್ಟುಕೊಳ್ಳಬಹುದು. ಒಳಗಿನ ಗಡಿ ದಾಟಿದರೆ ಕೂಡಿತು, ಹೊರಗಿನದನ್ನು ದಾಟಿದರೆ ಮಾತ್ರ ಮುರಿಯಿತು.

ಇಲ್ಲದಿದ್ದರೆ ಚೂಪಾದ ಗಡಿಯ ಬದಲು ನಿಧಾನಕ್ಕೆ ಇಳಿಯುವ ಸೂತ್ರ ಹಾಕಬಹುದು. ಬೆಸ್ಟ್, ಹಮ್ಮರ್ ಮತ್ತು ಈಟನ್ 2013ರಲ್ಲಿ ಬಳಸಿದ ಮೂಲ (ನೇಟಿವ್) ಸಂಪರ್ಕಗಳ ಪಾಲು, ಅಂದರೆ ಕ್ಯೂ, ಅಂಥದ್ದೇ. ಮಡಿಸಿದ ರಚನೆಯಲ್ಲಿ 4.5 ಒಳಗಿದ್ದ ಭಾರದ ಪರಮಾಣು ಜೋಡಿಗಳನ್ನು ಮೊದಲು ಪಟ್ಟಿ ಮಾಡಿ, ಸರಣಿಯಲ್ಲಿ ಮೂರಕ್ಕಿಂತ ಜಾಸ್ತಿ ದೂರ ಇರುವವನ್ನು ಮಾತ್ರ ಇಟ್ಟುಕೊಂಡು, ಆಮೇಲೆ ಪ್ರತಿ ಜೋಡಿಗೆ ಅದರ ಮೂಲ ದೂರದ 1.8 ಪಟ್ಟಿನವರೆಗೆ ಸಡಿಲ ಕೊಡುತ್ತಾರೆ. ನಡುಗಾಟದಿಂದ ಬರುವ ಗದ್ದಲ ಎಷ್ಟೋ ಕಡಿಮೆಯಾಗುತ್ತದೆ. ಸಿಮ್ಯುಲೇಷನ್ ಪೆಟ್ಟಿಗೆಯ ಅಂಚಿನಲ್ಲಿ ಪ್ರೋಟೀನ್ ತುಂಡಾಗಿ ಆಚೆ ಬದಿಯಲ್ಲಿ ಕಾಣುತ್ತದಲ್ಲ, ಆ ಆವರ್ತಕ ಗಡಿಯನ್ನು ಸರಿ ಮಾಡದೆ ಎಣಿಸಬೇಡಿ. ಚೈನ್‌ಗಳ ನಡುವಿನ ಸಂಪರ್ಕ ಪೂರ್ತಿ ಸೊನ್ನೆ ಬರಬಹುದು, ಇವರಿಗೆ ಆದ ಹಾಗೆಯೇ, ಕಾರಣ ಮಾತ್ರ ಬೇರೆ.

ಸುರುಳಿ_ಎಳೆ

ಅದು ಸರಿ, ಆದರೆ ಇವರ ಪ್ರಶ್ನೆಗೆ ಎರಡು ಹರಳಿನ ರಚನೆ ಸಾಕು. ಮೊದಲೇ ಸಿಮ್ಯುಲೇಷನ್‌ಗೆ ಕಳಿಸಿದರೆ ಕಲಿಯುವವರು ಅಲ್ಲೇ ಮುಳುಗಿಹೋಗುತ್ತಾರೆ.

ಚಲನೆ_ಪ್ರಿಯ

ಒಪ್ಪುತ್ತೇನೆ. ಒಂದೇ ಒಂದು ಮಾತು ಮನಸ್ಸಿನಲ್ಲಿರಲಿ ಅಂತ ಹೇಳಿದೆ. ಆಕ್ಸಿ ರಚನೆಯಲ್ಲಿ ಬೀಟಾ ಚೈನ್‌ನ ಬಾಲದ ತುದಿ ಸಡಿಲ. ಅಂಥ ಕಡೆ ಫೈಲಿನಲ್ಲಿ ಬರೆದ ಒಂದೇ ಜಾಗವನ್ನು ನೆಚ್ಚಿಕೊಳ್ಳುವ ಮೊದಲು ಬಿ-ಫ್ಯಾಕ್ಟರ್ (ಪರಮಾಣು ಎಷ್ಟು ಅಲುಗಾಡುತ್ತದೆ ಅನ್ನುವ ಅಳತೆ) ನೋಡಿ.

ಹೀಮ್_ಕಲಿಕೆ

ಎಲ್ಲರ ಮಾತನ್ನೂ ಕೂಡಿಸಿ ಮತ್ತೆ ಮಾಡಿದೆ. ದೂರದ ವ್ಯತ್ಯಾಸ ತೆಗೆದು, ದೊಡ್ಡ ಬದಲಾವಣೆಗಳನ್ನು ಮೇಲಿಂದ ಕೆಳಗೆ ಜೋಡಿಸಿದೆ. ಈಗ ಪಟ್ಟಿಯ ಮೇಲ್ಭಾಗದಲ್ಲಿ ಬಂದಿರುವುದನ್ನು ಬರೆಯುತ್ತೇನೆ, ಸರಿ ಇದೆಯಾ ನೋಡಿ.

ಆಕ್ಸಿಜನ್ ಇಲ್ಲದಾಗ ಬೀಟಾದ ಕೊನೆಯ ಹಿಸ್ಟಿಡಿನ್ 146 ಎರಡು ಕಡೆ ಕಟ್ಟಿಕೊಂಡಿದೆ. ಅದರ ಉಂಗುರ ಅದೇ ಚೈನ್‌ನ ಆಸ್ಪಾರ್ಟೇಟ್ 94ಕ್ಕೆ, ಅದರ ಬಾಲದ ಕಾರ್ಬಾಕ್ಸಿಲ್ ಇನ್ನೊಂದು ಜೋಡಿಯ ಆಲ್ಫಾದ ಲೈಸಿನ್ 40ಕ್ಕೆ. ಆಕ್ಸಿಜನ್ ಇದ್ದಾಗ ಎರಡೂ ಇಲ್ಲ. ಆಲ್ಫಾದ ಟೈರೋಸಿನ್ 42 ಮತ್ತು ಬೀಟಾದ ಆಸ್ಪಾರ್ಟೇಟ್ 99ರ ನಡುವಿನ ಹೈಡ್ರೋಜನ್ ಬಂಧ ಹೋಗಿ, ಆಲ್ಫಾದ ಆಸ್ಪಾರ್ಟೇಟ್ 94 ಮತ್ತು ಬೀಟಾದ ಆಸ್ಪರಜಿನ್ 102ರ ನಡುವೆ ಹೊಸದು ಬಂದಿದೆ. ಬೀಟಾದ ಹಿಸ್ಟಿಡಿನ್ 97 ಮೊದಲು ಆಲ್ಫಾದ ಥ್ರಿಯೋನಿನ್ 41 ಮತ್ತು ಪ್ರೋಲಿನ್ 44ರ ನಡುವೆ ಕೂತಿತ್ತು, ಈಗ ಥ್ರಿಯೋನಿನ್ 38 ಮತ್ತು 41ರ ನಡುವೆ ಕೂತಿದೆ.

ಆಲ್ಫಾ1–ಬೀಟಾ1 ಮುಖಾಮುಖಿಯಲ್ಲಿ ಹೇಳುವಂಥ ದೊಡ್ಡ ಬದಲಾವಣೆ ಏನೂ ಸಿಗಲಿಲ್ಲ.

ಹರಳು_ನೋಟ

ಓದಿ ನಿಜವಾಗಿ ಸಂತೋಷವಾಯಿತು. ನೀವು ಬರೆದ ಒಂದೊಂದು ಸಾಲೂ ಸರಿ ಇದೆ. ಹಿಮೋಗ್ಲೋಬಿನ್ ರಚನೆ ಬಿಡಿಸಿದ ಪೆರುಟ್ಜ್ ವರ್ಷಗಟ್ಟಲೆ ಹಿಂದೆ ಬಿದ್ದು ಹುಡುಕಿದ ವಿಷಯ ಇದು, ನಿಮ್ಮ ಸ್ಕ್ರಿಪ್ಟ್ ಅದನ್ನು ಯಾರೂ ಹೇಳದೆ ಮೇಲಕ್ಕೆ ತಂದಿದೆ.

ಆಲ್ಫಾ1–ಬೀಟಾ1 ಒಂದು ಗಟ್ಟಿ ಜೋಡಿ, ಅದು ಹಾಗೇ ಇರುತ್ತದೆ. ಒಂದು ಜೋಡಿ ಇನ್ನೊಂದರ ಮೇಲೆ ಸುಮಾರು 15 ಡಿಗ್ರಿ ತಿರುಗುತ್ತದೆ. ತಿರುಗೋದು ಆಲ್ಫಾ1–ಬೀಟಾ2 ಮುಖದ ಮೇಲೆ. ನೀವು ಕಂಡ ಹಿಸ್ಟಿಡಿನ್ 97ರದ್ದು ಗೇರ್ ಹಲ್ಲು ಒಂದು ಕಚ್ಚಿನಿಂದ ಮುಂದಿನ ಕಚ್ಚಿಗೆ ಜಿಗಿದ ಹಾಗೆ. ನಡುವಿನಲ್ಲಿ ನಿಲ್ಲಲು ಆರಾಮದ ಜಾಗ ಇಲ್ಲ, ಅದಕ್ಕೇ ಅಣು ಎರಡರಲ್ಲಿ ಒಂದು ಸ್ಥಿತಿಗೆ ಹೋಗುತ್ತದೆ. ಇನ್ನು ಹಿಸ್ಟಿಡಿನ್ 146ರ ಸಾಲ್ಟ್ ಬ್ರಿಡ್ಜ್ ಬೋರ್ ಪರಿಣಾಮದ ದೊಡ್ಡ ಪಾಲಿಗೆ ಕಾರಣ. ಆಮ್ಲೀಯತೆ ಹೆಚ್ಚಾದಾಗ ಆ ಹಿಸ್ಟಿಡಿನ್ ಪ್ರೋಟಾನ್ ಹಿಡಿದು ಧನ ಚಾರ್ಜ್ ಪಡೆಯುತ್ತದೆ, ಆಸ್ಪಾರ್ಟೇಟ್ ಜೊತೆಗಿನ ಕಟ್ಟು ಗಟ್ಟಿಯಾಗುತ್ತದೆ, ಅಣು ಆಕ್ಸಿಜನ್ ಇಲ್ಲದ ಸ್ಥಿತಿಯ ಕಡೆ ವಾಲುತ್ತದೆ, ಆಕ್ಸಿಜನ್ ಬಿಟ್ಟುಕೊಡುತ್ತದೆ. ದುಡಿಯುತ್ತಿರುವ ಸ್ನಾಯುವಿಗೆ ಬೇಕಿರೋದೇ ಅದು. ನಾಲ್ಕು ಆಂಗ್‌ಸ್ಟ್ರಾಂ ಒಳಗಿನ ಎರಡು ಗುಂಪುಗಳಿಂದ ಉಸಿರಾಟದವರೆಗೆ ದಾರಿ ಇಷ್ಟು ನೇರವಾಗಿ ಕಾಣೋದು ಅಪರೂಪ, ನನಗೆ ಈ ಅಣು ಇಷ್ಟ ಆಗೋದು ಇದಕ್ಕೇ.

ಸುರುಳಿ_ಎಳೆ

ಒಂದು ಸೇರಿಸಲೇಬೇಕು. ಹರಳಿನಲ್ಲಿ ಪಕ್ಕದ ಅಣುವಿನ ಜೊತೆಗಿನ ಸಂಪರ್ಕಗಳನ್ನು ನಾವು ಸಾಮಾನ್ಯವಾಗಿ ಬಿಟ್ಟುಬಿಡುತ್ತೇವೆ, ಅವು ಹರಳು ಕಟ್ಟಿದ್ದರಿಂದ ಬಂದವು ಅಂತ. ಕುಡಗೋಲು ಕಣ ರೋಗದಲ್ಲಿ ಅಣು–ಅಣು ಸಂಪರ್ಕವೇ ರೋಗ. ಬೀಟಾದ 6ನೇ ಗ್ಲುಟಮೇಟ್ ವ್ಯಾಲಿನ್ ಆಗುತ್ತದೆ. ಆ ವ್ಯಾಲಿನ್ ಪಕ್ಕದ ಅಣುವಿನ ಬೀಟಾದಲ್ಲಿ ಫೀನೈಲ್ಅಲನಿನ್ 85 ಮತ್ತು ಲ್ಯೂಸಿನ್ 88 ಇರುವ ಗುಳಿಗೆ ಹೋಗಿ ಕೂರುತ್ತದೆ. ಹೀಗೆ ಒಂದಕ್ಕೊಂದು ಸೇರಿ ನಾರು ಬೆಳೆಯುತ್ತದೆ. ಹಾಗಾಗಿ ಯಾವ ಸಂಪರ್ಕ ಎಸೆಯಬೇಕು ಅನ್ನೋದೂ ಪ್ರಶ್ನೆಯನ್ನು ನೋಡಿಯೇ ತೀರ್ಮಾನ ಮಾಡಬೇಕು.

ಹೀಮ್_ಕಲಿಕೆ

ಈ 6ನೇ ಸ್ಥಾನದ ಬಗ್ಗೆ ಒಂದು ಸಂದೇಹ. ಸರಣಿಯಿಂದ ಊಹಿಸಿದ ರಚನೆಗಳಿರುವ ಆಲ್ಫಾಫೋಲ್ಡ್ ಡೇಟಾಬೇಸ್‌ನಿಂದ ಬೀಟಾ ಚೈನ್ ತೆಗೆದು ಇದೇ ಸ್ಕ್ರಿಪ್ಟ್ ಓಡಿಸಿದೆ. ಅಲ್ಲಿ 6ನೇದು ಗ್ಲುಟಮೇಟ್ ಅಲ್ಲ, ಪ್ರೋಲಿನ್ ಬರುತ್ತಿದೆ. 146 ಕೂಡ ಹಿಸ್ಟಿಡಿನ್ ಅಲ್ಲ. ಇನ್ನೊಂದು, ಹೀಮ್ (ಆಕ್ಸಿಜನ್ ಕೂರುವ ಕಬ್ಬಿಣವಿರುವ ಗುಂಪು) ಹಿಡಿಯುವ ಹಿಸ್ಟಿಡಿನ್‌ಗೆ ಸಂಪರ್ಕಗಳು ತೀರಾ ಕಡಿಮೆ ತೋರಿಸುತ್ತಿದೆ.

ಸಿಬೀಟಾ

ಜೀನ್‌ನಿಂದ ಬರುವ ಸರಣಿಯಲ್ಲಿ ಮೊದಲು ಒಂದು ಮೆಥಿಯೋನಿನ್ ಇರುತ್ತದೆ, ಪ್ರೋಟೀನ್ ತಯಾರಾಗುವಾಗ ಅದನ್ನು ಕತ್ತರಿಸಿ ತೆಗೆಯಲಾಗುತ್ತದೆ. ಡೇಟಾಬೇಸ್ ಅದನ್ನೂ ಎಣಿಸುತ್ತದೆ, ಹಳೇ ಹಿಮೋಗ್ಲೋಬಿನ್ ಬರಹಗಳು ಎಣಿಸುವುದಿಲ್ಲ. ಹಾಗಾಗಿ ಎಲ್ಲವೂ ಒಂದು ಸ್ಥಾನ ಮುಂದೆ. ನಿಮ್ಮ 6 ಅಲ್ಲಿ 7, ನಿಮ್ಮ 146 ಅಲ್ಲಿ 147. ಸಂಖ್ಯೆ ನಂಬಬೇಡಿ, ಎರಡು ಸರಣಿಗಳನ್ನು ಜೋಡಿಸಿ ನೋಡಿ ಹೊಂದಿಸಿ.

ಹಿಸ್ಟಿಡಿನ್ ವಿಷಯ: ಆ ಮಾದರಿ ಒಂದೇ ಚೈನ್, ಅದರಲ್ಲಿ ಹೀಮ್ ಇಲ್ಲ, ಉಳಿದ ಮೂರು ಚೈನ್ ಇಲ್ಲ. ಬೀಟಾದ ಹಿಸ್ಟಿಡಿನ್ 92 ಹೀಮ್‌ನ ಕಬ್ಬಿಣಕ್ಕೆ ಕಟ್ಟಿಕೊಂಡಿರಬೇಕು, ಮಾದರಿಯಲ್ಲಿ ಎದುರಿಗೆ ಬರೀ ಖಾಲಿ ಜಾಗ. ಬಿ-ಫ್ಯಾಕ್ಟರ್ ಕಾಲಮ್‌ನಲ್ಲಿ ಇರುವುದೂ ಬಿ-ಫ್ಯಾಕ್ಟರ್ ಅಲ್ಲ, ಊಹೆಯ ಮೇಲೆ ಎಷ್ಟು ಭರವಸೆ ಇದೆ ಅನ್ನುವ ಪಿಎಲ್‌ಡಿಡಿಟಿ ಅಂಕ. ಅಲ್ಲಿ ಜಾಸ್ತಿ ಇದ್ದರೆ ಒಳ್ಳೆಯದು, ಬಿ-ಫ್ಯಾಕ್ಟರ್‌ನಲ್ಲಿ ಉಲ್ಟಾ. 50ಕ್ಕಿಂತ ಕೆಳಗಿರುವ ಭಾಗದ ಸಂಪರ್ಕಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಹಾಗೆಯೇ ನಿಮ್ಮ 4ಎಚ್‌ಎಚ್‌ಬಿ ಪಟ್ಟಿಯನ್ನೂ ಒಮ್ಮೆ ನೋಡಿ. ಅಲ್ಲಿ ಹೀಮ್ ಇದೆ, ಆದರೆ ಹೆಟೆರೋ (ಅಮೈನೋ ಆಮ್ಲದ ಸರಪಳಿಗೆ ಸೇರದ್ದು) ಅಂತ ಬರೆದಿರುವುದರಿಂದ ನಿಮ್ಮ ಸ್ಕ್ರಿಪ್ಟ್ ಅದನ್ನು ನೀರಿನ ಜೊತೆಗೇ ಎಸೆಯುತ್ತಿರಬಹುದು.

ಹೀಮ್_ಕಲಿಕೆ

ಎಸೆಯುತ್ತಿತ್ತು. ನೀರನ್ನು ಮಾತ್ರ ಬಿಟ್ಟು ಹೀಮ್ ಒಳಗೆ ತಂದೆ. ಆಲ್ಫಾದಲ್ಲಿ ಹಿಸ್ಟಿಡಿನ್ 87, ಬೀಟಾದಲ್ಲಿ 92, ಎರಡೂ ಕಬ್ಬಿಣದ ಪಕ್ಕದಲ್ಲೇ ಬಂದವು. ಆಚೆ ಬದಿಯಲ್ಲಿ 58 ಮತ್ತು 63 ಕೂಡ ಸಿಕ್ಕವು. ಸ್ಕ್ರಿಪ್ಟ್ ಸ್ವಚ್ಛ ಮಾಡಿ ನಾಳೆ ಇಲ್ಲೇ ಹಾಕುತ್ತೇನೆ. ಗಡಿ, ಅಸೆಂಬ್ಲಿ, ಗ್ಲೈಸಿನ್, ಹೆಟೆರೋ, ಸಂಖ್ಯೆ ಯಾವ ಪದ್ಧತಿಯದ್ದು, ಇವೆಲ್ಲವನ್ನೂ ಫೈಲಿನ ಮೇಲ್ಭಾಗದಲ್ಲೇ ಬರೆದಿಡುತ್ತೇನೆ.

ಹರಳು_ನೋಟ

ಹಾಕಿ. ಆಲ್ಟರ್ನೇಟ್ ಲೊಕೇಷನ್ (ಒಂದೇ ಪರಮಾಣುವಿಗೆ ಒಂದಕ್ಕಿಂತ ಹೆಚ್ಚು ಜಾಗ) ಇರುವ ಪರಮಾಣುಗಳಲ್ಲಿ ಯಾವುದನ್ನು ಆರಿಸಿದಿರಿ ಅನ್ನೋದನ್ನೂ ಅದೇ ಜಾಗದಲ್ಲಿ ಬರೆಯಿರಿ. ಈ ಎರಡು ಫೈಲಿಗೆ ಬೇಕಾಗದಿದ್ದರೂ ಮುಂದಿನದಕ್ಕೆ ಬೇಕಾಗುತ್ತದೆ.